ಅರ್ವಿದ್ ಕಾರ್ಲ್ಸನ್, ಮಲಗಿದ ಮೊಲ, ನಮ್ಮ ಸರ್ಪಗಂಧ: ಡೋಪಮಿನ್ ಬಗ್ಗೆ ಒಂದು ಚರ್ಚೆ

ಕಲ್ಸಂಕ_ಓದುಗ

ಡೋಪಮಿನ್ ಅಂದರೆ ಗೊತ್ತಿಲ್ಲದವರು ಈಗ ಯಾರೂ ಇಲ್ಲ. ರೀಲ್ಸ್ ನೋಡಿದರೆ ಡೋಪಮಿನ್, ಜಿಮ್‌ಗೆ ಹೋದರೆ ಡೋಪಮಿನ್, ಮಣಿಪಾಲದ ಟೈಗರ್ ಸರ್ಕಲ್‌ನಲ್ಲಿ ಚಾ ಕುಡಿಯುವ ಹುಡುಗರ ಬಾಯಲ್ಲೂ ಅದೇ. ಅದಕ್ಕೆ ಮೆದುಳಿನಲ್ಲಿ ಸ್ವಂತದ್ದೊಂದು ಕೆಲಸ ಉಂಟು ಅಂತ ತೋರಿಸಿಕೊಟ್ಟವರು ಯಾರು ಅಂತ ಕೇಳಿದರೆ ಮಾತ್ರ ಫಾರ್ಮಕಾಲಜಿ ಓದುವ ಮಕ್ಕಳೂ ಮುಖ ಮುಖ ನೋಡುತ್ತಾರೆ. ನಾನು ಪಾಠ ಮಾಡುವುದೇ ಈ ವಿಷಯ, ಹಾಗಾಗಿ ಹೊಟ್ಟೆಉರಿ ಸ್ವಲ್ಪ ಜಾಸ್ತಿ. ಉದ್ದ ಬರೆಯುತ್ತೇನೆ, ಪುರುಸೊತ್ತಿದ್ದವರು ಓದಿ.

ಅರ್ವಿದ್ ಕಾರ್ಲ್ಸನ್, ಸ್ವೀಡನ್ನಿನವರು. 1923ರಲ್ಲಿ ಉಪ್ಸಾಲಾದಲ್ಲಿ ಹುಟ್ಟಿ ಲುಂಡ್‌ನಲ್ಲಿ ಬೆಳೆದವರು, ಅಪ್ಪ ಚರಿತ್ರೆಯ ಪ್ರಾಧ್ಯಾಪಕರು. 1951ರಲ್ಲಿ ಡಾಕ್ಟರೇಟ್ ಆಯಿತು. ವಿಷಯ ಕ್ಯಾಲ್ಸಿಯಂ, ಮೆದುಳಿನ ಸುದ್ದಿಯೇ ಇಲ್ಲ. ಆಮೇಲೆ ಮೇಲಿನ ಹುದ್ದೆಯೊಂದಕ್ಕೆ ಅರ್ಜಿ ಹಾಕಿದರು, ಸಿಗಲಿಲ್ಲ. ಕ್ಯಾಲ್ಸಿಯಂ ಕೆಲಸಕ್ಕೆ ಔಷಧಶಾಸ್ತ್ರದಲ್ಲಿ ಅಂಥ ಜಾಗ ಇಲ್ಲ ಎಂದು ಆಯ್ಕೆ ಮಾಡುವವರಿಗೆ ಅನಿಸಿತ್ತು. ಆ ಹುದ್ದೆ ಸಿಕ್ಕಿದ್ದರೆ ಇವತ್ತು ನಾನು ಈ ಪೋಸ್ಟ್ ಬರೆಯುತ್ತಿರಲಿಲ್ಲವೋ ಏನೋ.

ವಿಷಯ ಬದಲಿಸಲೇಬೇಕಾಯಿತು. 1955ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಬರ್ನಾರ್ಡ್ ಬ್ರೋಡಿ ಅವರ ಲ್ಯಾಬಿಗೆ ಕೆಲವು ತಿಂಗಳ ಮಟ್ಟಿಗೆ ಹೋದರು. ಆಗ ಅಲ್ಲಿ ಎಲ್ಲರ ಬಾಯಲ್ಲಿ ಒಂದೇ ಮಾತು, ರೆಸರ್ಪಿನ್. ನಮ್ಮ ಸರ್ಪಗಂಧದ ಬೇರಿನಿಂದ ತೆಗೆದ ವಸ್ತು. ಅದನ್ನು ಕೊಟ್ಟರೆ ಸೆರೊಟೋನಿನ್ ಎಂಬ ಮೆದುಳಿನ ರಾಸಾಯನಿಕದ ಸಂಗ್ರಹ ಖಾಲಿಯಾಗುತ್ತದೆ ಅಂತ ಬ್ರೋಡಿಯವರ ಗುಂಪು ಆಗಷ್ಟೇ ತೋರಿಸಿತ್ತು. ಅಡ್ರಿನಲಿನ್ ಬಳಗದ ವಸ್ತುಗಳ ಗತಿ ಏನಾಗುತ್ತದೆ ಅಂತಲೂ ನೋಡೋಣವೇ ಎಂದು ಕಾರ್ಲ್ಸನ್ ಕೇಳಿದರೆ ಬ್ರೋಡಿ ಆಸಕ್ತಿ ತೋರಿಸಲಿಲ್ಲ. ಊರಿಗೆ ವಾಪಸ್ ಬಂದು ನಿಲ್ಸ್-ಓಕೆ ಹಿಲ್ಲಾರ್ಪ್ ಜೊತೆ ಸೇರಿ ತಾವೇ ನೋಡಿದರು. ಅವೂ ಖಾಲಿ.

ಇನ್ನು ಮೊಲದ ಪ್ರಯೋಗ. ರೆಸರ್ಪಿನ್ ಕೊಟ್ಟ ಮೊಲ ಕಿವಿ ಜೋತು ಬಿಟ್ಟುಕೊಂಡು, ಅರ್ಧ ಕಣ್ಣು ಮುಚ್ಚಿ, ಮುಟ್ಟಿದರೂ ಅಲುಗದೆ ಬಿದ್ದಿರುತ್ತದೆ. ಸೆರೊಟೋನಿನ್ ಕಡಿಮೆಯಾದದ್ದೇ ಕಾರಣ ಅಂತಾದರೆ, ಸೆರೊಟೋನಿನ್ನಿನ ಕಚ್ಚಾವಸ್ತು ಕೊಟ್ಟಾಗ ಅದು ಏಳಬೇಕು. ಕೊಟ್ಟರು, ಏಳಲಿಲ್ಲ. ಆಮೇಲೆ ರಕ್ತನಾಳಕ್ಕೆ ಡೋಪಾ ಕೊಟ್ಟರು. ಸ್ವಲ್ಪ ಹೊತ್ತಿನಲ್ಲೇ ಕಿವಿ ನಿಮಿರಿತು, ಮೊಲ ಎದ್ದು ಓಡಾಡಿತು. 1957ರ ನವೆಂಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಲಿಂಡ್‌ಕ್ವಿಸ್ಟ್ ಮತ್ತು ಮ್ಯಾಗ್ನುಸನ್ ಜೊತೆಯ ಲೇಖಕರು. ಇಡೀ ಲೇಖನ ತೀರಾ ಚಿಕ್ಕದು.

ನಿಜವಾದ ಬುದ್ಧಿವಂತಿಕೆ ಇದರ ನಂತರದ್ದು. ಡೋಪಾ ಒಳಗೆ ಹೋದರೆ ಡೋಪಮಿನ್ ಆಗುತ್ತದೆ, ಡೋಪಮಿನ್ ಮುಂದೆ ನಾರ್‌ಅಡ್ರಿನಲಿನ್ ಆಗುತ್ತದೆ. ಡೋಪಮಿನ್ ಅಂದರೆ ಬರೀ ಮಧ್ಯದ ಸ್ಟಾಪು, ಅದಕ್ಕೆ ಬೇರೆ ಕೆಲಸ ಇಲ್ಲ ಅಂತಲೇ ಆಗ ಎಲ್ಲರೂ ನಂಬಿದ್ದು. ಹಾಗಾದರೆ ಎದ್ದ ಮೊಲದ ಮೆದುಳಿನಲ್ಲಿ ನಾರ್‌ಅಡ್ರಿನಲಿನ್ ಮತ್ತೆ ತುಂಬಿರಬೇಕು ತಾನೆ? ಅಳೆದು ನೋಡಿದರೆ ತುಂಬಿರಲಿಲ್ಲ. ಮೊಲ ಎದ್ದಾಗಿದೆ, ನಾರ್‌ಅಡ್ರಿನಲಿನ್ ಇಲ್ಲ. ಉಳಿದದ್ದು ಡೋಪಮಿನ್ ಒಂದೇ. ಅದನ್ನು ಅಳೆಯುವ ಕ್ರಮ ಇರಲಿಲ್ಲ, ಅದನ್ನೂ ತಾವೇ ಮಾಡಿಕೊಂಡರು. 1958ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದರು: ಡೋಪಮಿನ್ ಮೆದುಳಿನಲ್ಲಿ ಸಹಜವಾಗಿಯೇ ಉಂಟು, ರೆಸರ್ಪಿನ್ ಕೊಟ್ಟರೆ ಮಾಯವಾಗುತ್ತದೆ, ಡೋಪಾ ಕೊಟ್ಟರೆ ಮರಳುತ್ತದೆ. ಅವರದೇ ಬಳಗದ ಬರ್ಟ್ಲರ್ ಮತ್ತು ರೋಸೆನ್‌ಗ್ರೆನ್ 1959ರಲ್ಲಿ, ಅದು ಹೆಚ್ಚಾಗಿ ಸೇರಿರುವುದು ಸ್ಟ್ರಯೇಟಮ್‌ನಲ್ಲಿ, ಅಂದರೆ ಚಲನೆ ನೋಡಿಕೊಳ್ಳುವ ಭಾಗದಲ್ಲಿ ಎಂದು ತೋರಿಸಿದರು. ರೆಸರ್ಪಿನ್ ತಿಂದ ಮನುಷ್ಯರಿಗೆ ಪಾರ್ಕಿನ್ಸನ್ ರೋಗದಂತೆಯೇ ಮೈ ಬಿಗಿಯುತ್ತದೆ ಅಂತ ವೈದ್ಯರಿಗೆ ಮೊದಲೇ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡಿ.

2000ನೇ ಇಸವಿಯಲ್ಲಿ ನೊಬೆಲ್ ಬಂತು, ಪಾಲ್ ಗ್ರೀನ್‌ಗಾರ್ಡ್ ಮತ್ತು ಎರಿಕ್ ಕ್ಯಾಂಡೆಲ್ ಜೊತೆ. 2018ರ ಜೂನ್‌ನಲ್ಲಿ 95ನೇ ವಯಸ್ಸಿಗೆ ಗೋಥೆನ್‌ಬರ್ಗ್‌ನಲ್ಲಿ ತೀರಿಕೊಂಡರು.

ಸುರತ್ಕಲ್_ಸೆಮಿಸ್ಟರ್

ಸರ್, ಹಾಗಾದ್ರೆ ಈ ಡೋಪಮಿನ್ ಡಿಟಾಕ್ಸ್ ಎಂತದು? ನನ್ನ ರೂಮ್‌ಮೇಟ್ ಭಾನುವಾರ ಇಡೀ ಫೋನ್ ಮುಟ್ಟದೆ ಗೋಡೆ ನೋಡ್ತಾ ಕೂತ. ಸಂಜೆ ಹೋಗಿ ಎರಡು ಪ್ಲೇಟ್ ಗೋಳಿಬಜೆ ಹೊಡೆದ. ಡಿಟಾಕ್ಸ್ ಆಯ್ತಾ ಇಲ್ವಾ?

ಕಲ್ಸಂಕ_ಓದುಗ

ಡೋಪಮಿನ್ ನಿಜಕ್ಕೂ ಮೆದುಳಿನಿಂದ ಹೊರಗೆ ಹೋದರೆ ಹೇಗಿರುತ್ತದೆ ಅಂತ ಆ ಮೊಲ ತೋರಿಸಿದೆ. ನಿಮ್ಮ ರೂಮ್‌ಮೇಟ್ ಎದ್ದು ಗೋಳಿಬಜೆ ಅಂಗಡಿಯವರೆಗೆ ನಡೆದಿದ್ದಾನಲ್ಲ, ಡೋಪಮಿನ್ ಸರಿಯಾಗೇ ಉಂಟು. ಫೋನ್ ಬಿಡುವುದು ಒಳ್ಳೆಯದೇ, ಅದಕ್ಕೆ ಈ ಹೆಸರು ಯಾಕೆ? ಮತ್ತೆ, ಡೋಪಮಿನ್ ಅಂದರೆ ಸುಖ ಅಂತ ಕಾರ್ಲ್ಸನ್ ಹೇಳಿದ್ದೂ ಅಲ್ಲ. ನಿರೀಕ್ಷೆಗಿಂತ ಹೆಚ್ಚು ಸಿಕ್ಕಿತೋ ಕಡಿಮೆ ಸಿಕ್ಕಿತೋ ಎಂಬ ಲೆಕ್ಕವನ್ನು ಡೋಪಮಿನ್ ಕೋಶಗಳು ಹೇಳುತ್ತವೆ ಎಂಬುದು ವೊಲ್ಫ್ರಾಮ್ ಶುಲ್ಟ್ಸ್ ಮಂಗಗಳ ಮೇಲೆ ಮಾಡಿದ ಕೆಲಸದಿಂದ ತಿಳಿದದ್ದು, ಅದು 1990ರ ದಶಕದ್ದು.

ಹಂಪನಕಟ್ಟೆ_ಹರಟೆ

ಒಬ್ಬರನ್ನೇ ಅಟ್ಟಕ್ಕೇರಿಸುವುದು ನನಗೆ ಸರಿ ಕಾಣುವುದಿಲ್ಲ. ಮೆದುಳಿನಲ್ಲಿ ಡೋಪಮಿನ್ ಉಂಟು ಅಂತ 1957ರ ಆಗಸ್ಟಿನಲ್ಲೇ ಇಂಗ್ಲೆಂಡಿನ ಕ್ಯಾಥ್ಲೀನ್ ಮೊಂಟಾಗು ಅದೇ ನೇಚರ್‌ನಲ್ಲಿ ಬರೆದಿದ್ದರು. ಆಯಮ್ಮನ ಹೆಸರು ನಿಮ್ಮ ಪೋಸ್ಟ್‌ನಲ್ಲಿ ಎಲ್ಲುಂಟು? ಇನ್ನು ವಿಯೆನ್ನಾದ ಒಲೆಹ್ ಹೋರ್ನಿಕೀವಿಚ್. ಪಾರ್ಕಿನ್ಸನ್‌ನಿಂದ ಸತ್ತವರ ಮೆದುಳು ತೆಗೆದು, ಸ್ಟ್ರಯೇಟಮ್‌ನಲ್ಲಿ ಡೋಪಮಿನ್ ತೀರಾ ಕಡಿಮೆ ಉಂಟು ಅಂತ 1960ರಲ್ಲಿ ತೋರಿಸಿದವರು ಅವರು. 1961ರಲ್ಲಿ ಬಿರ್ಕ್‌ಮಾಯರ್ ಜೊತೆ ರೋಗಿಗಳಿಗೆ ಎಲ್-ಡೋಪಾ (ಮೊಲಕ್ಕೆ ಕೊಟ್ಟ ಡೋಪಾವೇ) ಇಂಜೆಕ್ಷನ್ ಕೊಟ್ಟು, ಎದ್ದು ಕೂರಲಾಗದವರು ನಡೆದಾಡಿದ್ದನ್ನು ವರದಿ ಮಾಡಿದರು. ಕಾರ್ಲ್ಸನ್ ಮೊಲವನ್ನು ಎಬ್ಬಿಸಿದರು, ಇವರು ಮನುಷ್ಯರನ್ನು. ನೊಬೆಲ್ ಪಟ್ಟಿಯಲ್ಲಿ ಇವರಿಲ್ಲ. 200ಕ್ಕೂ ಹೆಚ್ಚು ವಿಜ್ಞಾನಿಗಳು ಬಹಿರಂಗ ಪತ್ರ ಬರೆದು ಬೇಸರ ಹೇಳಿಕೊಂಡಿದ್ದರು. ಅದೇ ಕಾಲದಲ್ಲಿ ಇದೇ ವಿಷಯದ ಮೇಲೆ ಕೆಲಸ ಮಾಡಿದ ಜಪಾನಿನ ಇಸಾಮು ಸಾನೊ ಅವರ ಸುದ್ದಿಯಂತೂ ಯಾರೂ ಎತ್ತುವುದೇ ಇಲ್ಲ.

ಕಲ್ಸಂಕ_ಓದುಗ

ಹೋರ್ನಿಕೀವಿಚ್ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ನನ್ನನ್ನು ಕೇಳಿದರೆ ಅವರಿಗೆ ಬರಬೇಕಿತ್ತು. ಮೊಂಟಾಗು ವಿಷಯದಲ್ಲಿ ಅರ್ಧ ಒಪ್ಪುತ್ತೇನೆ. ಮೆದುಳಿನಲ್ಲಿ ಆ ವಸ್ತು ಇದೆ ಅನ್ನುವುದಕ್ಕೆ ಮೊದಲ ಸಾಲು ಅವರದೇ. ಆದರೆ ಅದು ಅಲ್ಲಿ ಏನು ಮಾಡುತ್ತಿದೆ ಅನ್ನುವ ಪ್ರಶ್ನೆಗೆ ಉತ್ತರ ಕೊಟ್ಟದ್ದು ಲುಂಡ್‌ನ ಪ್ರಯೋಗ. ಆ ಉತ್ತರವನ್ನಾದರೂ ಸುಲಭಕ್ಕೆ ಯಾರು ಒಪ್ಪಿದರು? 1960ರಲ್ಲಿ ಲಂಡನ್ನಿನ ಸಿಬಾ ಫೌಂಡೇಶನ್ ಸಭೆಯಲ್ಲಿ ಸರ್ ಹೆನ್ರಿ ಡೇಲ್ ಅವರಂಥ ಹಿರಿಯರೆಲ್ಲ ಕೂತಿದ್ದರು. ಕಾರ್ಲ್ಸನ್ ಹೇಳಿದ್ದು ಅಲ್ಲಿ ಯಾರ ಕಿವಿಗೂ ಇಳಿಯಲಿಲ್ಲ. ನರಕೋಶಗಳು ಮೆದುಳಿನೊಳಗೆ ಮಾತಾಡುವುದು ವಿದ್ಯುತ್ತಿನಲ್ಲಿ, ರಾಸಾಯನಿಕದಲ್ಲಿ ಅಲ್ಲ ಎಂಬ ಭಾವನೆ ಆಗಿನ್ನೂ ಗಟ್ಟಿಯಾಗಿತ್ತು. ಮುಂದೆ ಫಾಲ್ಕ್ ಮತ್ತು ಹಿಲ್ಲಾರ್ಪ್ ಕಂಡುಹಿಡಿದ ವಿಧಾನದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಡೋಪಮಿನ್ ನರತಂತುಗಳೇ ಹಸಿರಾಗಿ ಹೊಳೆದು ಕಂಡಾಗ ವಾದ ತಣ್ಣಗಾಯಿತು. ಕಣ್ಣಿಗೆ ಕಂಡದ್ದನ್ನು ಇಲ್ಲ ಅನ್ನುವುದು ಹೇಗೆ.

ಲ್ಯಾಬ್_ಇಲಿ

ಎಂ.ಫಾರ್ಮ್ ಮಾಡ್ತಿದ್ದೇನೆ, ಮಂಗಳೂರು. ಕಾರ್ಲ್ಸನ್ ಹೆಸರು ನನಗೆ ಪರಿಚಯ ಆದದ್ದು 1963ರ ಲೇಖನದಿಂದ, ಅದರ ಬಗ್ಗೆ ಇಲ್ಲಿ ಯಾರೂ ಹೇಳಲಿಲ್ಲ.

ನಮ್ಮಲ್ಲಿ ಕೆಟಲೆಪ್ಸಿ ಪರೀಕ್ಷೆ ಅಂತ ಉಂಟು. ಇಲಿಗೆ ಹಾಲೊಪೆರಿಡಾಲ್ (ಮಾನಸಿಕ ಕಾಯಿಲೆಗೆ ಕೊಡುವ ಔಷಧ) ಕೊಟ್ಟು, ಸ್ವಲ್ಪ ಹೊತ್ತಾದ ಮೇಲೆ ಅದರ ಎರಡೂ ಮುಂಗಾಲನ್ನು ಒಂದು ಅಡ್ಡ ಸರಳಿನ ಮೇಲೆ ಇಡುವುದು. ಔಷಧ ಕೊಡದ ಇಲಿ ಇಟ್ಟ ಕ್ಷಣಕ್ಕೇ ಕಾಲು ಕೆಳಗೆ ಹಾಕಿ ಓಡುತ್ತದೆ. ಔಷಧ ಕೊಟ್ಟದ್ದು ಸರಳು ಹಿಡಿದುಕೊಂಡು ಹಾಗೇ ನಿಲ್ಲುತ್ತದೆ. ನಿದ್ದೆ ಅಲ್ಲ. ಕಣ್ಣು ಪೂರ್ತಿ ತೆರೆದಿರುತ್ತದೆ, ಉಸಿರಾಟ ಸರಿ ಇರುತ್ತದೆ, ಕೆಳಗಿಳಿಯುವ ಕೆಲಸವನ್ನು ಶುರು ಮಾಡಲಿಕ್ಕೆ ಮಾತ್ರ ಆಗುವುದಿಲ್ಲ. ನಾವು ಸ್ಟಾಪ್‌ವಾಚ್ ಹಿಡಿದು ಸೆಕೆಂಡ್ ಬರೆದುಕೊಳ್ಳುವುದು. ಮೊದಲ ಸಲ ನೋಡಿದಾಗ ನನಗೆ ಸ್ವಲ್ಪ ಹೆದರಿಕೆಯೇ ಆಗಿತ್ತು. (ಎಥಿಕ್ಸ್ ಕಮಿಟಿ ಒಪ್ಪಿಗೆ ಇಲ್ಲದೆ ಒಂದು ಇಲಿಯನ್ನೂ ಮುಟ್ಟುವ ಹಾಗಿಲ್ಲ, ಅದನ್ನೇ ಹಿಡಿದು ಇಲ್ಲಿ ಬೈಯಬೇಡಿ.)

ವಿಷಯ ಎಂತ ಅಂದ್ರೆ, ಕ್ಲೋರ್‌ಪ್ರೊಮಝಿನ್, ಹಾಲೊಪೆರಿಡಾಲ್ ಕೊಟ್ಟ ಪ್ರಾಣಿ ರೆಸರ್ಪಿನ್ ಕೊಟ್ಟದ್ದರ ಹಾಗೇ ಬಿಗಿಯುತ್ತದೆ, ಮೆದುಳಿನಲ್ಲಿ ಡೋಪಮಿನ್ ಮಾತ್ರ ಖಾಲಿಯಾಗಿರುವುದಿಲ್ಲ. ಕಾರ್ಲ್ಸನ್ ಮತ್ತು ಲಿಂಡ್‌ಕ್ವಿಸ್ಟ್ ಸಣ್ಣ ಜಾತಿಯ ಇಲಿಗಳ ಮೆದುಳಿನಲ್ಲಿ ಅಳೆದು ನೋಡಿದರೆ ಡೋಪಮಿನ್ ಒಡೆದಾಗ ಬರುವ ವಸ್ತುಗಳು ಹೆಚ್ಚಾಗಿದ್ದವು. ಅಂದರೆ ಡೋಪಮಿನ್ ಜಾಸ್ತಿಯೇ ಖರ್ಚಾಗುತ್ತಿದೆ, ಪ್ರಾಣಿ ಮಾತ್ರ ಅಲುಗುತ್ತಿಲ್ಲ. ಸಂದೇಶ ತಲುಪುವ ಜಾಗವನ್ನೇ ಔಷಧ ಮುಚ್ಚಿದೆ, ಉತ್ತರ ಬಾರದ್ದಕ್ಕೆ ನರಕೋಶ ಮತ್ತೆ ಮತ್ತೆ ಕಳಿಸುತ್ತಿದೆ ಅಂತ ಅವರು ಊಹಿಸಿದರು. ಆ ಜಾಗವನ್ನು, ಅಂದರೆ ಡೋಪಮಿನ್ ರಿಸೆಪ್ಟರನ್ನು, ಆಗ ಯಾರೂ ಕಂಡಿರಲಿಲ್ಲ. ವಿಕಿರಣದ ಗುರುತು ಹಾಕಿದ ಹಾಲೊಪೆರಿಡಾಲ್ ಬಳಸಿ ಸೀಮನ್ ಮತ್ತು ಸ್ನೈಡರ್ ಅವರ ಲ್ಯಾಬುಗಳು ಅದನ್ನು ಹಿಡಿದದ್ದು 1970ರ ದಶಕದಲ್ಲಿ. ಇವತ್ತು ಮಾನಸಿಕ ಆಸ್ಪತ್ರೆಯಲ್ಲಿ ಕೊಡುವ ಆಂಟಿಸೈಕಾಟಿಕ್ ಮಾತ್ರೆಗಳಲ್ಲಿ ಹೆಚ್ಚಿನವನ್ನು ನಾವು ಈ ಊಹೆಯ ಮೇಲೆಯೇ ಅರ್ಥ ಮಾಡಿಕೊಳ್ಳುವುದು. ನನಗೆ ಮೊಲಕ್ಕಿಂತ ಇದೇ ದೊಡ್ಡದು.

ವೈದ್ಯೆ_ಉಡುಪಿ

ಎಲ್ಲ ಸರಿ. ಕಥೆ ಮಾತ್ರ ಯಾವಾಗಲೂ 1955ರ ಅಮೆರಿಕದಿಂದಲೇ ಯಾಕೆ ಶುರುವಾಗುತ್ತದೆ? ಸರ್ಪಗಂಧದ ಬೇರನ್ನು ಹುಚ್ಚಿಗೆ, ನಿದ್ದೆ ಬಾರದ್ದಕ್ಕೆ ನಮ್ಮಲ್ಲಿ ಕೊಡುತ್ತಿದ್ದದ್ದು ಹಳೆಯ ರೂಢಿ. ಅದನ್ನೂ ಬಿಡಿ, ಬರೆದಿಟ್ಟ ಲೆಕ್ಕವನ್ನೇ ತೆಗೆದುಕೊಳ್ಳಿ. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಈ ಬೇರು ಮಾನಸಿಕ ಉದ್ರೇಕಕ್ಕೂ ರಕ್ತದೊತ್ತಡಕ್ಕೂ ಆಗುತ್ತದೆ ಎಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಅದೇ ವರ್ಷ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಅದರಿಂದ ಅಜ್ಮಲಿನ್ ಬೇರ್ಪಡಿಸಿ ಹಕೀಂ ಅಜ್ಮಲ್ ಖಾನರ ಹೆಸರಿಟ್ಟರು. 1949ರಲ್ಲಿ ಬೊಂಬಾಯಿಯ ರುಸ್ತುಂ ಜಾಲ್ ವಕೀಲ್ ತಮ್ಮ ರಕ್ತದೊತ್ತಡದ ರೋಗಿಗಳ ಅನುಭವವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದ ಮೇಲೆಯೇ ಪಶ್ಚಿಮ ಕಣ್ಣುಬಿಟ್ಟದ್ದು. ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯವರು ರೆಸರ್ಪಿನ್ ಬೇರ್ಪಡಿಸಿದ್ದು 1952ರಲ್ಲಿ. ವಕೀಲರಿಗೆ 1957ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು ಅಂತ ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಜನರಿಗೆ ಗೊತ್ತು?

ಇನ್ನೊಂದು. ಘಟ್ಟದ ಬುಡದಲ್ಲಿ ಬೇಲಿ ಮೇಲೆ ಹಬ್ಬುವ, ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿ ಉಂಟಲ್ಲ, ಅದರ ಬೀಜದಲ್ಲಿ ಎಲ್-ಡೋಪಾ ಇದೆ ಎಂದು 1937ರಲ್ಲಿ ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ತೋರಿಸಿದ್ದರು. ಕಾರ್ಲ್ಸನ್‌ಗಿಂತ 20 ವರ್ಷ ಮೊದಲು.

ಹಂಪನಕಟ್ಟೆ_ಹರಟೆ

ಬಂತು ನೋಡಿ, "ಎಲ್ಲ ನಮ್ಮಲ್ಲೇ ಇತ್ತು" 😀

ವೈದ್ಯೆ_ಉಡುಪಿ

ನಾನು ಹಾಗೆ ಹೇಳಿದೆನಾ? ಮದ್ರಾಸಿನವರು ಮಾಡಿದ್ದು ಅಪ್ಪಟ ರಸಾಯನಶಾಸ್ತ್ರ. ಸ್ವಿಟ್ಜರ್ಲೆಂಡಿನ ಗುಗ್ಗನ್‌ಹೈಮ್ ಅದಕ್ಕೂ ಮೊದಲೇ, 1913ರಲ್ಲಿ, ಬೇರೆ ಜಾತಿಯ ಅವರೆಯಿಂದ ಎಲ್-ಡೋಪಾ ತೆಗೆದಿದ್ದರು. ಎರಡು ಕಡೆಯೂ ವಸ್ತು ಕೈಯಲ್ಲಿತ್ತು, ಅದರಿಂದ ಏನಾಗುತ್ತದೆ ಅಂತ ತಿಳಿದಿರಲಿಲ್ಲ. ಆ ಕೀರ್ತಿ ಲುಂಡ್‌ನವರಿಗೇ ಇರಲಿ. ಸರಪಣಿಯ ಮೊದಲ ಕೊಂಡಿಗಳನ್ನು ಕತ್ತರಿಸಿ ಪಾಠ ಮಾಡಬೇಡಿ ಅಂತಷ್ಟೇ ನನ್ನ ತಕರಾರು.

ಕಲ್ಸಂಕ_ಓದುಗ

ತಕರಾರು ನ್ಯಾಯವಾದದ್ದೇ. ಮುಂದಿನ ವರ್ಷದ ರೆಸರ್ಪಿನ್ ಕ್ಲಾಸಿಗೆ ವಕೀಲರಿಂದಲೇ ಶುರು ಮಾಡುತ್ತೇನೆ. ಒಂದು ಮಾತು ಸೇರಿಸಲಿಕ್ಕುಂಟು. ರಕ್ತದೊತ್ತಡಕ್ಕೆ ರೆಸರ್ಪಿನ್ ತಿಂದ ಕೆಲವರಿಗೆ ಖಿನ್ನತೆ ಬಂತು ಎಂಬ ವರದಿಗಳೂ ಆ ಕಾಲದಲ್ಲೇ ಬಂದವು. ಖಿನ್ನತೆಗೂ ಈ ರಾಸಾಯನಿಕಗಳಿಗೂ ನಂಟುಂಟು ಅನ್ನುವ ವಾದ ಅಲ್ಲಿಂದಲೂ ಬಲ ಪಡೆಯಿತು. ಕಾರ್ಲ್ಸನ್ ಆ ದಾರಿಯಲ್ಲೂ ಹೋದರು. ಸೆರೊಟೋನಿನ್ ಮರುಹೀರಿಕೆಯನ್ನು ತಡೆಯುವ ಝಿಮೆಲಿಡಿನ್ ಎಂಬ ಔಷಧವನ್ನು ಆಸ್ಟ್ರಾ ಕಂಪನಿಯವರ ಜೊತೆ ಸೇರಿ ರೂಪಿಸಿದರು. ಈಗ ಊರೆಲ್ಲ ಬರೆದುಕೊಡುವ ಫ್ಲುಆಕ್ಸೆಟಿನ್‌ಗಿಂತ ಮೊದಲೇ ಮಾರುಕಟ್ಟೆಗೆ ಬಂದದ್ದು ಅದು. ಕೆಲವರಲ್ಲಿ ಗಿಯಾನ್-ಬಾರೆ ಎಂಬ ನರದೌರ್ಬಲ್ಯ ಕಾಣಿಸಿದ್ದರಿಂದ 1983ರಲ್ಲಿ ವಾಪಸ್ ಪಡೆದರು.

ಹಲ್ಲು_ಕಿತ್ತವರು

ದಂತವೈದ್ಯ, ಮಂಗಳೂರು. ನಿಮ್ಮ ಹೀರೋ ಬಗ್ಗೆ ಒಂದು ಕಹಿ ಸತ್ಯ ಯಾರೂ ಹೇಳಲಿಲ್ಲ. ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸುವುದನ್ನು ಕಾರ್ಲ್ಸನ್ ಕಟುವಾಗಿ ವಿರೋಧಿಸಿದ್ದರು. ಸ್ವೀಡನ್ 1971ರಲ್ಲಿ ಆ ಕಾಯ್ದೆಯನ್ನೇ ರದ್ದು ಮಾಡಿತು. ಈಗಲೂ ಫ್ಲೋರೈಡ್ ಪೇಸ್ಟ್ ಬೇಡ ಅನ್ನುವ ವಾಟ್ಸಾಪ್ ಫಾರ್ವರ್ಡಿನಲ್ಲೆಲ್ಲ "ನೊಬೆಲ್ ವಿಜ್ಞಾನಿಯೇ ಹೇಳಿದ್ದಾರೆ" ಅಂತ ಇವರ ಫೋಟೋ. ಮೆದುಳಿನ ಕೆಲಸಕ್ಕೆ ಸಿಕ್ಕಿದ ಪ್ರಶಸ್ತಿ ಹಲ್ಲಿನ ವಿಷಯಕ್ಕೆ ಸಾಕ್ಷಿ ಆಗುವುದು ಹೇಗೆ?

ಲ್ಯಾಬ್_ಇಲಿ

ಡಾಕ್ಟ್ರೇ, ಅವರ ವಾದ ಪೇಸ್ಟಿನ ಬಗ್ಗೆ ಅಲ್ಲವಲ್ಲ. ಔಷಧ ಅಂದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಪ್ರಮಾಣ ಬೇಕು, ನೀರಿಗೆ ಬೆರೆಸಿದರೆ ಯಾರು ಎಷ್ಟು ಕುಡಿಯುತ್ತಾರೆ ಅಂತ ಹೇಳುವವರಿಲ್ಲ ಎಂಬುದು. ಔಷಧಶಾಸ್ತ್ರದವರು ಹೀಗೆ ಯೋಚಿಸುವುದು ಸಹಜ. ಫಾರ್ವರ್ಡ್ ಮಾಡುವವರ ಪಾಪ ಅವರ ತಲೆಗೆ ಯಾಕೆ?

ಹಲ್ಲು_ಕಿತ್ತವರು

ವಾದ ಸಹಜವೇ ಇರಬಹುದು. ನಿರ್ಧಾರ ಆಗಬೇಕಾದ್ದು ಹಲ್ಲಿನ ಅಂಕಿಅಂಶ ನೋಡಿ. ಅತ್ತ ಪಾವಗಡ, ಕೋಲಾರದ ಕಡೆ ಬೋರ್‌ವೆಲ್ ನೀರಿನಲ್ಲೇ ಫ್ಲೋರೈಡ್ ಜಾಸ್ತಿಯಾಗಿ ಮಕ್ಕಳ ಹಲ್ಲು ಕಂದಾಗಿದೆ, ಅಲ್ಲಿ ತೆಗೆಯಬೇಕು. ಇಲ್ಲಿ ಕ್ಲಿನಿಕ್ಕಿಗೆ ಹುಳುಕು ಹಲ್ಲಿನ ಮಕ್ಕಳು ಬರುತ್ತಾರೆ, ಇವರಿಗೆ ಫ್ಲೋರೈಡ್ ಪೇಸ್ಟ್ ಬೇಕು. ಎರಡಕ್ಕೂ ಒಂದೇ ಘೋಷಣೆ ಆಗುವುದಿಲ್ಲ. ನಾನು ಇಷ್ಟಕ್ಕೇ ನಿಲ್ಲಿಸುತ್ತೇನೆ, ವಿಷಯ ಎಲ್ಲಿಗೋ ಹೋಯಿತು.

ಕುಂದಾಪ್ರದ_ಮಾಣಿ

ನೀವೆಲ್ಲ ದೊಡ್ಡ ದೊಡ್ಡ ವಿಷ್ಯ ಮಾತಾಡ್ತಿದ್ರಿ, ನಂದೊಂದ್ ಮನಿ ಸುದ್ದಿ. ಅಪ್ಪಯ್ಯಂಗೆ ಪಾರ್ಕಿನ್ಸನ್. ಮುಂಚೆ ತಾಳಮದ್ದಳೆಯಲ್ಲಿ ಅರ್ಥ ಹೇಳ್ತಿದ್ರ್. ಮೈಕ್ ಇಲ್ದಿದ್ರೂ ಹಿಂದೆ ಕೂತವರಿಗೆ ಕೇಣುವ ಸ್ವರ. ಈಗ ಎದ್ರಿಗೆ ಕೂಕಂಡ್ರೂ ಎಂತ ಹೇಳಿದ್ರ್ ಅಂದೇಳಿ ತಿಳಿತಿಲ್ಲ. ಅಕ್ಷರ ಬರೀತಾ ಬರೀತಾ ಇರುವಿ ಸಾಲಿನಷ್ಟ್ ಸಣ್ಣ ಆತ್ತ್. ಬ್ಯಾಂಕಿನಲ್ಲಿ ಸಹಿ ಹೊಂದಾಣಿಕೆ ಆಗುದಿಲ್ಲ ಅಂದೇಳಿ ಚೆಕ್ ವಾಪಸ್ ಕೊಟ್ರ್. ನಾನು ರೋಗದ ಹೆಸ್ರು ಹೇಳಿದ್ರೆ, ಕೈ ನಡುಗೂದಿಲ್ವಲ್ಲ ಅಂದ್ರ್. ನಡುಕ ಇಲ್ದೆಯೂ ಈ ರೋಗ ಇರ್ತದೆ ಅಂತ ಯಾರಿಗೆ ಹೇಳುದ್.

ಸಿಂಡೋಪಾ ಮಾತ್ರೆ ನಡೀತಾ ಇತ್ತ್. ಮೊದಲೆರಡು ವರ್ಷ ಮಾತ್ರೆ ತಿಂದು ಅರ್ಧ ಗಂಟೆಗೆ ಎದ್ದು ತೋಟಕ್ಕೆ ಹೋಪುದ್ ಕಂಡ್ರೆ ಆ ಮೊಲದ ಕಥೆಯೇ. ಈಗೀಗ ಕೆಲವು ದಿನ ಹಿಡೀತದೆ, ಕೆಲವು ದಿನ ಇಲ್ಲ. ಹೋದ ವರ್ಷ ಒಂದು ಕಡೆ ವಾಂತಿಗೆ ಅಂತ ಇಂಜೆಕ್ಷನ್ ಕೊಟ್ರ್. ರಾತ್ರಿಯಿಡೀ ಅಪ್ಪಯ್ಯ ಕೊರಡಿನ ಹಾಗೆ ಬಿಗಿದು ಮಲಗಿದ್ರ್. ಅದು ಎಂತಕೆ ಹಾಗಾಯ್ತ್? ಮತ್ತೆ, ನೆಂಟರೊಬ್ರು ನಸುಗುನ್ನಿ ಪುಡಿ ತಂದ್ಕೊಟ್ಟಿದ್ರ್, ಮಾತ್ರೆ ಬಿಟ್ಟು ಇದನ್ನೇ ತಿನ್ನಿ ಅಂತ್ರ್. ಕೊಡ್ಲಕ್ಕಾ?

ಲ್ಯಾಬ್_ಇಲಿ

ಇಂಜೆಕ್ಷನ್ ಪ್ರಶ್ನೆಗೆ ಉತ್ತರ 1963ರ ಲೇಖನದಲ್ಲೇ ಉಂಟು. ವಾಂತಿ ನಿಲ್ಲಿಸುವ ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಝಿನ್ ಇವೆಲ್ಲ ಡೋಪಮಿನ್ ರಿಸೆಪ್ಟರ್ ಮುಚ್ಚುವವು. ನಾವು ಸರಳಿನ ಮೇಲೆ ಇಲಿ ನಿಲ್ಲಿಸುವುದೂ ಅದೇ ದಾರಿಯಲ್ಲಿ. ಮೊದಲೇ ಡೋಪಮಿನ್ ಕಡಿಮೆ ಇರುವವರಿಗೆ ಅದನ್ನು ಕೊಟ್ಟರೆ ಮೈ ಬಿಗಿಯದೆ ಇನ್ನೇನಾಗುತ್ತದೆ? ನಿಮ್ಮವರಿಗೆ ಕೊಟ್ಟದ್ದು ಯಾವುದು ಅಂತ ಡಿಸ್ಚಾರ್ಜ್ ಕಾಗದದಲ್ಲಿ ನೋಡಿ. ಅಪ್ಪನ ಪರ್ಸಿನಲ್ಲಿ ಒಂದು ಚೀಟಿ ಬರೆದಿಡಿ: ಪಾರ್ಕಿನ್ಸನ್ ಇದೆ, ಈ ಔಷಧಗಳು ಬೇಡ, ಹಾಲೊಪೆರಿಡಾಲ್ ಕೂಡ ಬೇಡ. ವಾಂತಿಗೆ ಇವರಿಗೆ ಸಾಮಾನ್ಯವಾಗಿ ಕೊಡುವುದು ಡೊಂಪೆರಿಡೋನ್, ಅದು ಮೆದುಳಿನೊಳಗೆ ಅಷ್ಟಾಗಿ ಹೋಗುವುದಿಲ್ಲ. ಹೃದಯದ ತೊಂದರೆ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ವೈದ್ಯೆ_ಉಡುಪಿ

ಮಾಣಿಯವರೇ, ಮಾತ್ರೆ ಬಿಡಬೇಡಿ. ಆಯುರ್ವೇದದವಳಾಗಿಯೇ ಹೇಳುತ್ತಿದ್ದೇನೆ. ಲೆವೊಡೋಪಾ (ಎಲ್-ಡೋಪಾದ್ದೇ ಇನ್ನೊಂದು ಹೆಸರು, ನಿಮ್ಮ ಸಿಂಡೋಪಾದಲ್ಲಿರುವುದು) ಏಕಾಏಕಿ ನಿಲ್ಲಿಸಿದರೆ ಜ್ವರ ಬಂದು, ಮೈ ಸೆಟೆದು, ಜೀವಕ್ಕೇ ಅಪಾಯ ಆಗುವುದುಂಟು. ನಸುಗುನ್ನಿ ಸುಳ್ಳಲ್ಲ. 2004ರಲ್ಲಿ ಲಂಡನ್ನಿನಲ್ಲಿ 8 ರೋಗಿಗಳ ಮೇಲೆ ನೋಡಿದಾಗ ಮಾತ್ರೆಗಿಂತ ಬೇಗ ಹಿಡಿದದ್ದು ಕಂಡಿತು. ಆದರೆ 8 ಜನ ಅಂದರೆ 8 ಜನ. ಅಂಗಡಿ ಪುಡಿಯಲ್ಲಿ ಎಲ್-ಡೋಪಾ ಎಷ್ಟು ಅಂತ ಒಂದೊಂದು ಡಬ್ಬಿಗೂ ಬೇರೆ. ನಿಮ್ಮ ಮಾತ್ರೆಯಲ್ಲಿರುವ ಕಾರ್ಬಿಡೋಪಾ ಅದರಲ್ಲಿ ಇಲ್ಲ. ಕಾರ್ಬಿಡೋಪಾ ಇರುವುದರಿಂದಲೇ ಲೆವೊಡೋಪಾ ಹೊಟ್ಟೆ, ರಕ್ತದಲ್ಲಿ ವ್ಯರ್ಥವಾಗದೆ ಮೆದುಳಿಗೆ ಮುಟ್ಟುವುದು, ವಾಕರಿಕೆಯೂ ಕಡಿಮೆ. ಮಾತ್ರೆಯ ಮೇಲೆ ಪುಡಿಯನ್ನೂ ಕೊಟ್ಟರೆ ಪ್ರಮಾಣ ಹೆಚ್ಚಾಗಿ ಕೈಕಾಲು ತಾನಾಗಿ ಕುಣಿಯಲು ಶುರುವಾಗಬಹುದು. ಡಬ್ಬಿ ತೆಗೆದುಕೊಂಡು ಹೋಗಿ ನಿಮ್ಮ ನರರೋಗ ತಜ್ಞರಿಗೆ ತೋರಿಸಿ, ಮುಚ್ಚಿಡಬೇಡಿ.

ಕಲ್ಸಂಕ_ಓದುಗ

ಕೆಲವು ದಿನ ಹಿಡಿಯುವುದಿಲ್ಲ ಅಂದಿರಲ್ಲ. ರೋಗ ಮುಂದೆ ಹೋದ ಹಾಗೆ ಹೀಗಾಗುವುದುಂಟು, ಅದಕ್ಕೆ ಡೋಸು, ಸಮಯ ಹೊಂದಿಸುವುದು ತಜ್ಞರ ಕೆಲಸ. ಅದರ ಜೊತೆ ಒಂದು ಕೇಳುತ್ತೇನೆ. ಮಾತ್ರೆ ಊಟದ ಜೊತೆಗಾ? ಮೀನು, ಮೊಟ್ಟೆ, ಬೇಳೆಯ ಪ್ರೋಟೀನು ಒಡೆದು ಬರುವ ಅಮೈನೋ ಆಮ್ಲಗಳೂ ಲೆವೊಡೋಪಾವೂ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ಹೋಗುವುದು ಒಂದೇ ಬಾಗಿಲಿನಲ್ಲಿ. ನೂಕುನುಗ್ಗಲಲ್ಲಿ ಮಾತ್ರೆ ಹೊರಗೆ ಉಳಿಯುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು ಬರೀ ನೀರಿನಲ್ಲಿ ಕೊಟ್ಟು ನೋಡಬಹುದಾ ಅಂತ ಡಾಕ್ಟರನ್ನು ಕೇಳಿ.

ಕುಂದಾಪ್ರದ_ಮಾಣಿ

ಮಧ್ಯಾಹ್ನ ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ, ಅದರ ಮೇಲೆ ಮಾತ್ರೆ. ಹೀಗೇ ನಡೀತಿತ್ತ್ ಇಷ್ಟು ದಿನ. ಯಾರೂ ಹೇಳ್ಲೇ ಇಲ್ಲ ಮಾರಾಯ್ರೆ. ಮೀನು ಬಿಡಿ ಅಂದ್ರೆ ಅಪ್ಪಯ್ಯ ಮಾತ್ರೆಯನ್ನೇ ಬಿಡುವ ಜನ.

ಕಲ್ಸಂಕ_ಓದುಗ

ಮೀನು ಬಿಡುವುದು ಬೇಡ. ಹಗಲು ಓಡಾಟದ ಹೊತ್ತಿಗೆ ಗಂಜಿ, ತರಕಾರಿ ಇಟ್ಟು ಬಂಗುಡೆಯನ್ನು ರಾತ್ರಿಗೆ ದಾಟಿಸುವುದು, ಕೆಲವರಿಗೆ ಇದರಿಂದ ಹಗಲು ಸಲೀಸಾಗುತ್ತದೆ. ತೂಕ ಇಳಿಯದ ಹಾಗೆ ನೋಡಿಕೊಳ್ಳಿ. ಸ್ವರಕ್ಕೆ ಸ್ಪೀಚ್ ಥೆರಪಿ ಉಂಟು, ಮಣಿಪಾಲದಲ್ಲೂ ಮಂಗಳೂರಿನಲ್ಲೂ ಸಿಗುತ್ತದೆ, ಜೋರಾಗಿ ಹೇಳುವುದನ್ನೇ ಅಭ್ಯಾಸ ಮಾಡಿಸುತ್ತಾರೆ. ಅರ್ಥಧಾರಿಗಳಲ್ಲವೇ, ಥೆರಪಿಯವರು ಒಪ್ಪಿದರೆ ಪ್ರಸಂಗದ ಮಾತುಗಳನ್ನೇ ಹೇಳಿಸಿ.

ಸುರತ್ಕಲ್_ಸೆಮಿಸ್ಟರ್

ನಡೆಯುವಾಗ ಕಾಲು ನೆಲಕ್ಕೆ ಅಂಟಿದ ಹಾಗೆ ಆಗ್ತದಾ? ನನ್ನ ಅಜ್ಜನಿಗೆ ಹಾಗೇ ಇತ್ತು. ಫಿಸಿಯೋದವರು ತಾಳ ಹಾಕಿ ಅದಕ್ಕೆ ಸರಿಯಾಗಿ ಹೆಜ್ಜೆ ಇಡಿಸ್ತಿದ್ರು, ಬಾಗಿಲು ದಾಟಲಿಕ್ಕೆ ಸುಲಭ ಆಗ್ತಿತ್ತು.

ಕುಂದಾಪ್ರದ_ಮಾಣಿ

ಹೌದು, ಬಾಗಿಲ ಹತ್ರವೇ ನಿಂತು ಬಿಡ್ತ್ರ್. ತಾಳದ ಜೋಡಿ ಮನೆಯಲ್ಲೇ ಇತ್ತ್, ಅಟ್ಟದ ಮೇಲೆ. ಪುಡಿ ಡಬ್ಬಿ, ಡಿಸ್ಚಾರ್ಜ್ ಕಾಗದ ಎಲ್ಲ ಕಟ್ಕಂಡ್ ಈ ವಾರ ಒಪಿಡಿಗೆ ಹೋತೆ. ವಾಂತಿ ಔಷಧದ ಹೆಸ್ರು ಮತ್ತೊಂದ್ಸಲ ಸರಿಯಾಗಿ ಬರೀರಿ ಲ್ಯಾಬ್ ಇಲಿಯವರೇ, ಚೀಟಿಗೆ ಬರ್ಕಂತೆ.

ಲ್ಯಾಬ್_ಇಲಿ

ಮೆಟೊಕ್ಲೊಪ್ರಮೈಡ್. ಪ್ರೊಕ್ಲೋರ್‌ಪೆರಝಿನ್. ಹಾಲೊಪೆರಿಡಾಲ್. ಈ ಮೂರು ಬೇಡದ್ದು. ಡಾಕ್ಟರ ಕೈಯಲ್ಲಿ ಇಂಗ್ಲಿಷಿನಲ್ಲೂ ಬರೆಸಿಕೊಳ್ಳಿ, ರಾತ್ರಿ ಡ್ಯೂಟಿಯವರಿಗೆ ಕನ್ನಡ ಬಾರದೆಯೂ ಇರಬಹುದು.